ಸಿಲಿಂಡರ್ ಬಂದ ತಾರೀಕು ಬರೆದಿದೆ, ಮುಟ್ಟಿನದು?

ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏನೇನಿದೆ ಎಂದು ಮೊನ್ನೆ ಸುಮ್ಮನೆ ನೋಡುತ್ತಾ ನಿಂತೆ. ಸಿಲಿಂಡರ್ ಬಂದ ದಿನಕ್ಕೊಂದು ಸುತ್ತು, ಹಾಲು ಬೇಡವೆಂದ ದಿನಗಳಿಗೆ ಅಡ್ಡಗೆರೆ, ಚೀಟಿ ದುಡ್ಡು ಕಟ್ಟಬೇಕಾದ ತಾರೀಕು, ಸಂಕಷ್ಟಿ, ಮಗನ ಪರೀಕ್ಷೆ. ಮನೆಯ ಇಬ್ಬರು ಹೆಂಗಸರ ಮುಟ್ಟಿನ ದಿನ ಮಾತ್ರ ಎಲ್ಲೂ ಇಲ್ಲ. ಡಾಕ್ಟರ ಮುಂದೆ ಕೂತಾಗ ಬರುವ ಮೊದಲ ಪ್ರಶ್ನೆಯೇ ಅದು: "ಹೋದ ಸಲ ಯಾವಾಗ ಆಗಿತ್ತಮ್ಮ?" ಉತ್ತರ ಹಬ್ಬದ ಲೆಕ್ಕದಲ್ಲಿ ಬರುತ್ತದೆ. "ಗೌರಿ ಹಬ್ಬಕ್ಕೆ ಮುಂಚೆ ಡಾಕ್ಟ್ರೇ... ಇಲ್ಲ ಇಲ್ಲ, ಹಬ್ಬಕ್ಕೆ ಅಂತ ಮಾತ್ರೆ ತಗೊಂಡಿದ್ನಲ್ಲ, ಹಬ್ಬ ಆದ್ಮೇಲೆ."

"ಕಾಗೆ ಮುಟ್ಟಿದೆ" ಎಂದು ಹೆಣ್ಣುಮಕ್ಕಳನ್ನು ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ಯಾರಿಗೆ ಎಷ್ಟು ದಿನಕ್ಕಾಯಿತು ಎಂಬುದು ಇಡೀ ಮನೆಗೆ ಗೊತ್ತಿರುತ್ತಿತ್ತು. ಆ ಪದ್ಧತಿ ಹೋದದ್ದೇ ಒಳ್ಳೆಯದಾಯಿತು, ನನಗೇನೂ ಅದರ ಹಂಬಲವಿಲ್ಲ. ಆದರೆ ಅಜ್ಜಿಯ ತಲೆಯಲ್ಲಿದ್ದ ಆ ಲೆಕ್ಕವನ್ನು ಆಮೇಲೆ ಯಾರೂ ವಹಿಸಿಕೊಳ್ಳಲಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನನಗೆ ಬಂದ ಯೋಚನೆ ಬೇರೆಯೇ ಆಗಿತ್ತು. ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟಾದರೆ ಅದನ್ನು ಅನಿಯಮಿತ ಎಂದು ವೈದ್ಯರು ಗಣಿಸುತ್ತಾರೆ. ಹನ್ನೆರಡರಲ್ಲಿ ಆರೇ ರಜೆ ಬಳಸಿದವಳು ಗಟ್ಟಿಗಿತ್ತಿಯೂ ಇರಬಹುದು, ಆರೇ ಸಲ ಮುಟ್ಟಾದವಳೂ ಇರಬಹುದು.

ಇಂಥ ಲೆಕ್ಕವಿಲ್ಲದ ಜಾಗದಲ್ಲೇ "ಹಾರ್ಮೋನ್ ಇಂಬ್ಯಾಲೆನ್ಸ್" ಎಂಬ ಮಾತು ಬಂದು ಕೂತಿದೆ. ಕೂದಲು ಉದುರಿದರೂ ಅದೇ, ಸಿಟ್ಟು ಬಂದರೂ ಅದೇ, ಹೊಟ್ಟೆ ದಪ್ಪಗಾದರೂ ಅದೇ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ, ಅದರ ಕೆಳಗೊಂದು ಪುಡಿಯ ಡಬ್ಬಿ. ನನ್ನ ತಕರಾರು ಸರಳ: ಅದು ಕಾಯಿಲೆಯ ಹೆಸರೇ ಅಲ್ಲ. ಮನೆಯಲ್ಲಿ ಕರೆಂಟಿಲ್ಲ ಎಂದರೆ ಫ್ಯೂಸ್ ಹೋಗಿರಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟಿರಬಹುದು, ಬಿಲ್ಲೇ ಕಟ್ಟಿಲ್ಲದಿರಬಹುದು. ಮೂರಕ್ಕೂ ಒಂದೇ ರಿಪೇರಿ ಆಗುವುದಿಲ್ಲ. ಸಕ್ಕರೆ ಕಾಯಿಲೆಯೂ ಒಂದು ಹಾರ್ಮೋನಿನ ಏರುಪೇರೇ, ಅದಕ್ಕೆ ಯಾರೂ "ಇಂಬ್ಯಾಲೆನ್ಸ್" ಎಂದು ಹೇಳಿ ಸುಮ್ಮನಾಗುವುದಿಲ್ಲ.

ಗ್ರಂಥಿಗಳು ರಕ್ತಕ್ಕೆ ಬಿಟ್ಟು ದೇಹಕ್ಕೆ ಸಂದೇಶ ಮುಟ್ಟಿಸುವ ರಾಸಾಯನಿಕವೇ ಹಾರ್ಮೋನ್. ಆ ಪದವನ್ನು 1905ರಲ್ಲಿ ಲಂಡನ್ನಿನ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದರು. ನಮ್ಮ ಶಾಲೆಯ ಪುಸ್ತಕದಲ್ಲಿ 'ನಿರ್ನಾಳ ಗ್ರಂಥಿಗಳು' ಎಂದು ಪಾಠವಿತ್ತು, ಪರೀಕ್ಷೆ ಮುಗಿದ ದಿನವೇ ಮರೆತೆವು. ಆ ಪಾಠದಲ್ಲಿ ಒಂದು ವಿಷಯ ಸರಿಯಾಗಿ ಹೇಳಿರಲಿಲ್ಲ: ಇವು ಒಂದೇ ಮಟ್ಟದಲ್ಲಿ ನಿಂತಿರುವುದೇ ಇಲ್ಲ. ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಒಂದು ಮುಟ್ಟಿನಿಂದ ಇನ್ನೊಂದರೊಳಗೆ ಹಲವು ಪಟ್ಟು ಏರಿ ಇಳಿಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚು, ನಡುರಾತ್ರಿ ಕಡಿಮೆ. ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರುತ್ತದೆ. ಏರಿಳಿತವೇ ಇವುಗಳ ಕೆಲಸ. ಹಾಗಾಗಿ ಕೇಳಬೇಕಾದ್ದು ಎರಡೇ: ಯಾವ ಹಾರ್ಮೋನು, ಯಾಕೆ?

ಮೊದಲ ಸುಳಿವು ತಾರೀಕಿನಲ್ಲೇ ಸಿಗುತ್ತದೆ. ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಎಣಿಸಿದರೆ ದೊಡ್ಡವರಲ್ಲಿ 21ರಿಂದ 35 ದಿನ ಸಹಜ. ಎಲ್ಲರಿಗೂ 28 ಆಗಬೇಕೆಂದಿಲ್ಲ. ಒಂದು ತಿಂಗಳು 27, ಇನ್ನೊಂದು ತಿಂಗಳು 31 ಆದರೆ ಗಾಬರಿ ಬೇಡ. ಈಗಷ್ಟೇ ದೊಡ್ಡವಳಾದ ಹುಡುಗಿಗೆ ಮೊದಲ ವರ್ಷ ಹೇಗೆ ಬೇಕಾದರೂ ಬರಬಹುದು, ಆಮೇಲಿನ ಎರಡು ವರ್ಷ 45 ದಿನದವರೆಗೂ ಸರಿಯೇ. ಆದರೆ ಮೊದಲ ವರ್ಷ ಕಳೆದ ಮೇಲೂ ಮೂರು ತಿಂಗಳು ಬರಲೇ ಇಲ್ಲವೆಂದರೆ, 15 ತುಂಬಿದರೂ ಮೈನೆರೆಯಲೇ ಇಲ್ಲವೆಂದರೆ, "ನಮ್ಮನೇಲಿ ಎಲ್ಲರಿಗೂ ತಡವೇ" ಎಂದು ಕೂರಬಾರದು. ಮದುವೆಯಾದವರಿಗಾಗಲಿ ಆಗದವರಿಗಾಗಲಿ ಮುಟ್ಟು ತಪ್ಪಿದರೆ ಮೊದಲು ಗರ್ಭದ ಪರೀಕ್ಷೆ, ಉಳಿದದ್ದೆಲ್ಲ ಆಮೇಲೆ.

ಇಲ್ಲೇ ಹಬ್ಬದ ಮಾತ್ರೆಯ ವಿಷಯ ಬರುತ್ತದೆ. ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ, ತಿರುಪತಿ ಪ್ರಯಾಣ: ಮೆಡಿಕಲ್ ಸ್ಟೋರಿನಲ್ಲಿ "ಡೇಟ್ ಮುಂದೆ ಹಾಕೋ ಮಾತ್ರೆ" ಎಂದರೆ ಚೀಟಿಯಿಲ್ಲದೆಯೂ ಎಷ್ಟೋ ಕಡೆ ಕೊಡುತ್ತಾರೆ. ಅದರಲ್ಲಿರುವುದು ನೊರೆಥಿಸ್ಟೆರೋನ್, ಅದೂ ಹಾರ್ಮೋನೇ. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತಸ್ರಾವವಾಗುತ್ತದೆ. ಅಪರೂಪಕ್ಕೊಮ್ಮೆ, ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ದೊಡ್ಡ ಅಪಾಯವೇನಿಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲ ನುಂಗಿದವಳ ತಾರೀಕು ಅವಳ ದೇಹದ ತಾರೀಕಲ್ಲ, ಮಾತ್ರೆಯದು. ಮುಟ್ಟು ಬರಿಸಲು ಕೊಡುವ ಮಾತ್ರೆಯೂ ಹಾಗೆಯೇ. ಐದು ದಿನ ನುಂಗಿದೆ, ಬಂತು, ಸರಿಹೋಯಿತು ಎಂದುಕೊಳ್ಳುತ್ತಾರೆ. ಬಂದದ್ದು ಹೌದು. ಅಂಡ ಬಿಡುಗಡೆಯಾಯಿತೇ, ಇಷ್ಟು ತಿಂಗಳು ಯಾಕೆ ಆಗಲಿಲ್ಲ ಎಂಬುದು ಹಾಗೇ ಉಳಿದಿರುತ್ತದೆ.

ತಾರೀಕಿನ ಜೊತೆ ಮುಖ ಮತ್ತು ಕತ್ತನ್ನೂ ನೋಡಬೇಕು. ಚಿಕ್ಕಮ್ಮನ ಮಗಳ ಕತ್ತು ನನಗೆ ಚೆನ್ನಾಗಿ ನೆನಪಿದೆ. ಪಿಯುಸಿ ಓದುತ್ತಿದ್ದಳು, ಮನೆಯಲ್ಲಿ ಅಕ್ಕನ ಮದುವೆ. ಕತ್ತಿನ ಹಿಂಭಾಗದಲ್ಲಿ ಮಡಿಕೆ ಮಡಿಕೆಯಾಗಿ ಕಪ್ಪು, ಮುಟ್ಟಿದರೆ ವೆಲ್ವೆಟ್ಟಿನ ಹಾಗೆ ದಪ್ಪ. "ಸರ ಹಾಕಿ ಹಾಕಿ ಕಪ್ಪಾಗಿದೆ, ಸರಿಯಾಗಿ ಸ್ನಾನ ಮಾಡಲ್ಲ ಇವಳು" ಎಂದು ಚಿಕ್ಕಮ್ಮ ನಿಂಬೆಹಣ್ಣಿಗೆ ಸಕ್ಕರೆ ಹಾಕಿ ಉಜ್ಜಿದರು. ಕತ್ತು ಕೆಂಪಾಗಿ ಉರಿಯಿತು, ಕಪ್ಪು ಹೋಗಲಿಲ್ಲ. ಹುಡುಗಿ ಮದುವೆಯಿಡೀ ಕೂದಲು ಬಿಟ್ಟುಕೊಂಡೇ ಓಡಾಡಿದಳು. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಚರ್ಮ ಹಾಗಾಗುತ್ತದೆ, ಕಂಕುಳಲ್ಲೂ ತೊಡೆಸಂದಿಯಲ್ಲೂ ಕಾಣುತ್ತದೆ. ಅವಳಿಗೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿತ್ತು ಎಂಬುದನ್ನೂ ಈ ಕತ್ತನ್ನೂ ಜೋಡಿಸಿ ನೋಡಲು ಮನೆಯವರಿಗೆ ಇನ್ನೂ ಎರಡು ವರ್ಷ ಬೇಕಾಯಿತು.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ 'ಪಿಸಿಓಡಿ' (ಪಾಲಿಸಿಸ್ಟಿಕ್ ಓವರಿ, ಅಂದರೆ ಹಲವು ಗುಳ್ಳೆಗಳ ಅಂಡಾಶಯ) ಇದೇ. ಪಿಸಿಓಡಿ ಸಣ್ಣದು, ಪಿಸಿಓಎಸ್ ದೊಡ್ಡದು, ಅವೆರಡೂ ಬೇರೆ ಬೇರೆ ಎಂದು ಹೇಳುವ ಚಿತ್ರಪಟಗಳು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿವೆ. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅಂಥ ವಿಂಗಡಣೆ ಇಲ್ಲ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರ ವಿವರ ಬರೆದದ್ದು ಇದರ ಆಧುನಿಕ ಚರಿತ್ರೆಯ ಆರಂಭ. 2003ರಲ್ಲಿ ರೋಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿದರು: ಅಂಡ ಬಿಡುಗಡೆ ತಪ್ಪುವುದು, ಪುರುಷ ಹಾರ್ಮೋನು ಎನ್ನುವ ಆಂಡ್ರೊಜೆನ್ ಹೆಚ್ಚಿರುವುದು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣುವುದು. ಮೂರರಲ್ಲಿ ಎರಡಿದ್ದು, ಥೈರಾಯ್ಡ್, ಪ್ರೊಲ್ಯಾಕ್ಟಿನ್‌ನಂಥ ಬೇರೆ ಕಾರಣಗಳಿಲ್ಲ ಎಂದು ಖಾತ್ರಿಯಾದರೆ ಪಿಸಿಓಎಸ್. ಒಂದೇ ಒಂದು ಸ್ಕ್ಯಾನ್ ನೋಡಿ ಹೇಳುವಂಥದ್ದಲ್ಲ. ಆ ಗುಳ್ಳೆಗಳು ಗಡ್ಡೆಗಳೂ ಅಲ್ಲ. ಪೂರ್ತಿ ಬಲಿಯದೆ ನಿಂತ, ಅಂಡವಿರುವ ಪುಟ್ಟ ಚೀಲಗಳು. ಹದಿವಯಸ್ಸಿನವರಲ್ಲಿ ಅವು ಸಹಜವಾಗಿಯೇ ಹೆಚ್ಚು ಕಾಣುವುದರಿಂದ, ಮೈನೆರೆದು ಎಂಟು ವರ್ಷವಾಗುವವರೆಗೆ ಸ್ಕ್ಯಾನನ್ನು ಪುರಾವೆಯಾಗಿ ಬಳಸಬೇಡಿ ಎಂದು 2023ರ ಮಾರ್ಗಸೂಚಿ ಹೇಳುತ್ತದೆ. ಹದಿನಾರರ ಹುಡುಗಿಯ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿ, ವರದಿಯಲ್ಲಿ 'ಪಾಲಿಸಿಸ್ಟಿಕ್' ಎಂದು ಓದಿ, "ಮುಂದೆ ಮಕ್ಕಳಾಗುತ್ತೋ ಇಲ್ವೋ" ಎಂದು ಅಳುವ ತಾಯಂದಿರು ಕಡಿಮೆಯೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಶೇ 10ರಿಂದ 13ರಷ್ಟು ಮಹಿಳೆಯರಿಗೆ ಇದು ಇರುತ್ತದೆ, ಅವರಲ್ಲಿ ಶೇ 70ರವರೆಗೂ ಅದು ಗೊತ್ತೇ ಆಗಿರುವುದಿಲ್ಲ. ಇಲ್ಲದವರು ಅಳುತ್ತಾರೆ, ಇರುವವರಿಗೆ ಗೊತ್ತಿರುವುದಿಲ್ಲ.

ಗದ್ದದ ಕೂದಲಿನದು ಇನ್ನೊಂದು ಕಥೆ. 1961ರಲ್ಲಿ ಫೆರಿಮನ್ ಮತ್ತು ಗ್ಯಾಲ್ವೆ ಎಂಬಿಬ್ಬರು ರೂಪಿಸಿದ ಅಳತೆಗೋಲಿನಿಂದ ಬಂದ ವಿಧಾನವನ್ನೇ ಇಂದಿಗೂ ಬಳಸುತ್ತಾರೆ: ದೇಹದ ಒಂಬತ್ತು ಕಡೆ ಕೂದಲು ಎಷ್ಟಿದೆ ಎಂದು ಅಂಕ ಹಾಕುವುದು. ಕೆನ್ನೆಯ ಮೇಲಿನ ನವಿರಾದ ರೋಮ ಲೆಕ್ಕಕ್ಕಿಲ್ಲ, ಅದು ಮನೆತನದ ಬಳುವಳಿ. ಗದ್ದ, ದವಡೆಯಂಚು, ಎದೆಯ ನಡುವೆ, ಹೊಕ್ಕುಳ ಕೆಳಗೆ ಕಪ್ಪಗೆ ಒರಟಾಗಿ ಬರುವುದು ಲೆಕ್ಕಕ್ಕೆ. ತಮಾಷೆಯೆಂದರೆ ಡಾಕ್ಟರ ಬಳಿ ಹೋಗುವ ಹಿಂದಿನ ದಿನ ನಾವು ಪಾರ್ಲರಿಗೆ ಹೋಗಿ ಎಲ್ಲ ತೆಗೆಸಿಕೊಂಡಿರುತ್ತೇವೆ. ಅವರಿಗೆ ಕಾಣುವುದು ನುಣುಪಾದ ಮುಖ. "ವಾರಕ್ಕೊಮ್ಮೆ ಥ್ರೆಡಿಂಗ್ ಮಾಡಿಸ್ತೀನಿ" ಎಂದು ಬಾಯಿಬಿಟ್ಟು ಹೇಳಬೇಕು. ಇದೆಲ್ಲ ವರ್ಷಗಟ್ಟಲೆ ನಿಧಾನವಾಗಿ ಬಂದದ್ದಾದರೆ ಒಂದು ಮಾತು. ಕೆಲವೇ ತಿಂಗಳಲ್ಲಿ ದನಿ ಗಡುಸಾಗಿ, ನೆತ್ತಿ ಬೋಳಾಗಿ, ಗಡ್ಡದಂತೆ ಕೂದಲು ಬಂದರೆ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆಯಿದೆಯೇ ಎಂದು ತಡಮಾಡದೆ ನೋಡಿಸಬೇಕು.

ತೆಳ್ಳಗಿರುವವರಿಗೆ ಪಿಸಿಓಎಸ್ ಬರುವುದಿಲ್ಲ ಎಂಬುದೂ ತಪ್ಪು. ಇನ್ನೊಂದು ಮಾತು, ಮದುವೆ ಮಕ್ಕಳ ಗದ್ದಲದಲ್ಲಿ ಯಾರೂ ಹೇಳದ್ದು: ಮೂರು ತಿಂಗಳಿಗೂ ಹೆಚ್ಚು ಕಾಲ ಮುಟ್ಟಿಲ್ಲದೆ ಹೋಗುತ್ತಿದ್ದರೆ ಗರ್ಭಕೋಶದ ಒಳಪೊರೆ ದಪ್ಪಗಾಗುತ್ತಾ ಹೋಗಿ, ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. "ಬರದಿದ್ರೆ ಒಳ್ಳೇದೇ ಆಯ್ತು, ಕಿರಿಕಿರಿ ಇಲ್ಲ" ಎನ್ನುವ ಗೆಳತಿಗೆ ಇದನ್ನು ಹೇಳಿ. ಸಕ್ಕರೆಯ ಪರೀಕ್ಷೆಯೂ ಬೇಕು, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುವ ಪರೀಕ್ಷೆ.

ಥೈರಾಯ್ಡಿಗೆ ಬಂದರೆ ಗೊಂದಲ ವರದಿಯ ಹಾಳೆಯಲ್ಲೇ ಶುರು. "ನನಗೆ ಥೈರಾಯ್ಡ್ ಜಾಸ್ತಿಯಾಗಿದೆ, ಟಿಎಸ್‌ಎಚ್ ಹನ್ನೆರಡು ಬಂದಿದೆ" ಎನ್ನುತ್ತಾರೆ. ಇದು ತಿರುಗುಮುರುಗು. ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿಯಿಂದ. ಕತ್ತಿನ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದಾಗ, ಕಿವಿ ಮಂದವಾದವರನ್ನು ಜೋರಾಗಿ ಕೂಗಿದಂತೆ, ಪಿಟ್ಯುಟರಿ ಅದನ್ನು ಹೆಚ್ಚು ಕಳಿಸುತ್ತದೆ. ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕಡಿಮೆಯಾಗಿದೆ ಎಂದೇ ಸಾಮಾನ್ಯ ಅರ್ಥ. ಆಗ ಎಲ್ಲರೂ ಫ್ಯಾನ್ ಹಾಕಿ ಕೂತಿರುವಾಗ ನಿಮಗೆ ಚಳಿ, ಮಲಬದ್ಧತೆ, ಒಣ ಚರ್ಮ, ಮುಟ್ಟಿನಲ್ಲಿ ವಿಪರೀತ ಸ್ರಾವ. ಹೆಚ್ಚಾದರೆ ಉಲ್ಟಾ: ಎದೆ ಡವಡವ, ಕೈನಡುಕ, ಬೆವರು, ತಿಂದರೂ ಇಳಿಯುವ ತೂಕ, ಮುಟ್ಟು ಕಡಿಮೆ. ಥೈರಾಯ್ಡ್ ಕಡಿಮೆಯಾದದ್ದೇ ಕಾರಣವಾಗಿ ಏರುವ ತೂಕ ಸಾಮಾನ್ಯವಾಗಿ ನಾಲ್ಕೈದು ಕಿಲೋ ದಾಟುವುದಿಲ್ಲ; ಇಪ್ಪತ್ತು ಕಿಲೋ ಏರಿದ್ದಕ್ಕೆ ಅದೊಂದನ್ನೇ ದೂರಿದರೆ ಅನ್ಯಾಯ. ಗರ್ಭಿಣಿಯಾಗಬೇಕೆಂದಿರುವವರು, ಆದವರು ಮಾತ್ರ ಈ ಪರೀಕ್ಷೆಯನ್ನು ಮುಂದೂಡಬಾರದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನಿನ ಮೇಲೆ.

ಮಾತ್ರೆ ನುಂಗುತ್ತಿದ್ದರೂ ಟಿಎಸ್‌ಎಚ್ ಇಳಿಯುತ್ತಿಲ್ಲ ಎನ್ನುವವರ ಮನೆಯಲ್ಲಿ ನೋಡಬೇಕಾದ್ದು ಬೆಳಗಿನ ಕಾಫಿ. ಮಾತ್ರೆ ಬಾಯಿಗೆ ಹಾಕಿಕೊಂಡು ಅದರ ಹಿಂದೆಯೇ ಫಿಲ್ಟರ್ ಕಾಫಿ ಕುಡಿದರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಇನ್ನೊಂದು ಕಿತಾಪತಿ: ದೇಹದಲ್ಲಿ ಏನೂ ಆಗದಿದ್ದರೂ ಕೆಲವು ಲ್ಯಾಬ್ ಯಂತ್ರಗಳಲ್ಲಿ ಥೈರಾಯ್ಡ್ ಹೆಚ್ಚಿದೆ ಎಂದು ತೋರಿಸಿಬಿಡುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು.

ಹಾಲಿನ ಸುಳಿವು ಕಡಿಮೆ ಜನರಿಗೆ ಗೊತ್ತು. ಮಗುವಿಗೆ ಹಾಲೂಡಿಸುತ್ತಿಲ್ಲ, ಆದರೂ ಮೊಲೆಯಿಂದ ಹಾಲಿನಂಥದು ಒಸರುತ್ತದೆ, ಮುಟ್ಟು ನಿಂತಿದೆ. ಇದು ಪ್ರೊಲ್ಯಾಕ್ಟಿನ್ ಏರಿದ ಗುರುತು. ಪಿಟ್ಯುಟರಿಯ ಸಣ್ಣ ಗೆಡ್ಡೆ ಕಾರಣವಿರಬಹುದು. ತಲೆನೋವಿನ ಜೊತೆ ಅಕ್ಕಪಕ್ಕದ ದೃಷ್ಟಿ ಮಸುಕಾದರೆ ಆ ಅನುಮಾನ ಬಲವಾಗುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ನಮ್ಮಲ್ಲಿ ಊಟಕ್ಕೆ ಮೊದಲು ದಿನಾ ನುಂಗುವ 'ಗ್ಯಾಸ್ ಮಾತ್ರೆ'ಗಳಲ್ಲಿ ಎಷ್ಟೋ ಸಲ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ. ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳೂ ಹಾಗೆಯೇ, ಅವನ್ನು ಮಾತ್ರ ಕೇಳದೆ ನಿಲ್ಲಿಸಬಾರದು.

ಇದರ ಎದುರು ದಿಕ್ಕಿನದು ಇನ್ನೂ ಗಂಭೀರ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು, ಬದುಕಿದ್ದೇ ದೊಡ್ಡದಾಯಿತು. ಆಮೇಲೆ ಹಾಲೇ ಬರಲಿಲ್ಲ, ಮುಟ್ಟೂ ಮರಳಲಿಲ್ಲ, ಕಂಕುಳ ಕೂದಲು ಉದುರಿತು, ಸದಾ ಸುಸ್ತು. "ಬಾಣಂತನ ಸರಿಯಾಗಲಿಲ್ಲ" ಎಂದು ಮನೆಯವರು ಹೇಳಿ ಮುಗಿಸುತ್ತಾರೆ. ರಕ್ತ ಸಾಲದೆ ಪಿಟ್ಯುಟರಿ ಗ್ರಂಥಿಯೇ ಸತ್ತಿರುವ ಸಾಧ್ಯತೆ ಇದು. 1937ರಲ್ಲಿ ಇದನ್ನು ವಿವರಿಸಿದ ಬ್ರಿಟನ್ನಿನ ಹೆರಾಲ್ಡ್ ಶೀಹನ್ ಅವರ ಹೆಸರೇ ಕಾಯಿಲೆಗೂ ಇದೆ. ಹತ್ತಾರು ವರ್ಷ ಪತ್ತೆಯಾಗದೆ ಉಳಿದು, ಒಂದು ಜ್ವರಕ್ಕೋ ವಾಂತಿಗೋ ದೇಹ ಕುಸಿದುಬಿಡುವುದುಂಟು. ಸರಿಯಾದ ಹಾರ್ಮೋನನ್ನು ಮಾತ್ರೆಯಲ್ಲಿ ಕೊಟ್ಟರೆ ಅದೇ ಹೆಂಗಸು ಎದ್ದು ಓಡಾಡುತ್ತಾಳೆ. ಹಾಲು ಬರಲಿಲ್ಲ ಎಂದು ಬಾಣಂತಿಯನ್ನು ದೂರುವ ಅತ್ತೆಗೆ ಹೆರಿಗೆಯ ದಿನ ಎಷ್ಟು ಬಾಟಲಿ ರಕ್ತ ಕೊಟ್ಟರು ಎಂಬುದನ್ನು ನೆನಪಿಸಬೇಕು.

ಮಂಡಿನೋವಿಗೆ ಊರಿನವರು ಕೊಟ್ಟ ಹೆಸರಿಲ್ಲದ ಪುಡಿ, ಬೆಳ್ಳಗಾಗಲು ಹಚ್ಚುವ ಕ್ರೀಮು, ಇವುಗಳಲ್ಲಿ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟೆರಾಯ್ಡ್ ಸೇರಿದ್ದರೆ ಮುಖ ಗುಂಡಗಾಗುತ್ತದೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡುತ್ತವೆ, ಸ್ವಲ್ಪ ತಗುಲಿದರೂ ಮೈ ಕಂದುತ್ತದೆ. ಪುಡಿಯನ್ನು ಒಮ್ಮೆಲೇ ಬಿಡುವುದೂ ಅಪಾಯ, ವೈದ್ಯರಿಗೆ ತೋರಿಸಿಯೇ ಬಿಡಬೇಕು.

ಇಷ್ಟಾದ ಮೇಲೂ ಸುಸ್ತು, ಕೂದಲು ಉದುರುವುದು ಉಳಿಯಿತು. ಜಾಹೀರಾತುಗಳಿಗೆ ಬಹಳ ಪ್ರಿಯವಾದ ಲಕ್ಷಣಗಳು ಇವೇ, ಏಕೆಂದರೆ ಇವು ಎಲ್ಲರಿಗೂ ಇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಸುಸ್ತಿಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ನಿದ್ದೆ, ಮನೆಗೆಲಸ ಇವುಗಳ ಪಾಲನ್ನು ಕೇಳದೆ ಹಾರ್ಮೋನಿನ ಹೆಸರು ಬರೆಯುವುದು ದುಬಾರಿ ಸೋಮಾರಿತನ. ಡೆಂಗ್ಯೂ ಬಂದು ಹೋದ, ಹೆರಿಗೆಯಾದ, ಊಟ ಬಿಟ್ಟು ಸಣ್ಣಗಾದ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಬರುತ್ತದೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ.

ಹಾರ್ಮೋನ್ ಪ್ಯಾಕೇಜ್ ಎಂದು ಮಾರುವ ಪರೀಕ್ಷೆಗಳ ಮೇಲೂ ನನಗೆ ಭರವಸೆಯಿಲ್ಲ. ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಹಾರ್ಮೋನುಗಳಾದ ಎಫ್‌ಎಸ್‌ಎಚ್, ಎಲ್‌ಎಚ್‌ಗಳನ್ನು ಸಾಮಾನ್ಯವಾಗಿ ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ನೋಡುತ್ತಾರೆ; ಅಂಡ ಬಿಡುಗಡೆಯಾಯಿತೇ ಎಂದು ತಿಳಿಯಲು, ಆ ಬಳಿಕ ಏರುವ ಪ್ರೊಜೆಸ್ಟೆರೋನನ್ನು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು. ಗರ್ಭನಿರೋಧಕ ಮಾತ್ರೆ ತಿನ್ನುತ್ತಿರುವಾಗ ಇವಕ್ಕೆ ಅರ್ಥವೇ ಇಲ್ಲ. ಮನೆಗೇ ಬಂದು ರಕ್ತ ಒಯ್ಯುವ ಹುಡುಗ ಯಾವತ್ತಾದರೂ ನಿಮ್ಮ ಮುಟ್ಟಿನ ತಾರೀಕು ಕೇಳಿದ್ದಾನೆಯೇ? 'ಅಡ್ರಿನಲ್ ಫಟೀಗ್', ಅಂದರೆ ಅಡ್ರಿನಲ್ ಗ್ರಂಥಿ ದಣಿದಿದೆ ಎಂದು ಹೇಳಿ ಎಂಜಲು ಪರೀಕ್ಷೆ ಮಾಡುವವರಿಂದ ದೂರವೇ ಇರಿ. ಹಾರ್ಮೋನು ತಜ್ಞರ ಸಂಘಗಳು ಅಂಥದ್ದೊಂದು ಕಾಯಿಲೆಯನ್ನು ಒಪ್ಪಿಲ್ಲ.

ನಲವತ್ತು ದಾಟಿದವರಿಗೆ ಲೆಕ್ಕ ಮತ್ತೆ ಬದಲಾಗುತ್ತದೆ. ಹನ್ನೆರಡು ತಿಂಗಳು ಸತತ ಮುಟ್ಟಿಲ್ಲವೆಂದರೆ ಅದು ನಿಂತಿತು ಎಂದರ್ಥ. ಭಾರತದಲ್ಲಿ ಇದರ ಸರಾಸರಿ ವಯಸ್ಸು 46–47ರ ಆಸುಪಾಸು, ಪಶ್ಚಿಮದ ದೇಶಗಳಲ್ಲಿ 51. ಅದಕ್ಕೆ ಕೆಲವು ವರ್ಷ ಮೊದಲೇ ತಾರೀಕು ಅತ್ತಿತ್ತ ಆಗುತ್ತದೆ, ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರುತ್ತದೆ, ನಡುರಾತ್ರಿ ಬೆವರಿ ಎಚ್ಚರವಾಗುತ್ತದೆ, ಕೀಲು ನೋಯುತ್ತದೆ, ಸಣ್ಣದಕ್ಕೂ ಕಣ್ಣಲ್ಲಿ ನೀರು. 45 ದಾಟಿದವರಿಗೆ ಇದನ್ನು ತಿಳಿಯಲು ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. 40ರೊಳಗೆ ನಿಂತರೆ ಮಾತ್ರ "ಬೇಗ ಮುಗೀತು, ನಿರಾಳ" ಎನ್ನಬೇಡಿ. ಮೂಳೆ ಮತ್ತು ಹೃದಯಕ್ಕೆ ಈಸ್ಟ್ರೊಜೆನ್ನಿನ ಕಾವಲು ತಪ್ಪಿರುತ್ತದೆ, ಚಿಕಿತ್ಸೆ ಬೇಕು. ಹಾಗೆಯೇ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು.

ನಲವತ್ತರ ಆಚೀಚೆ ಹೆಚ್ಚು ಸ್ರಾವವಾದಾಗ ನಮ್ಮ ರಾಜ್ಯದಲ್ಲಿ ಏನಾಗಿದೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಬಡ ಮಹಿಳೆಯರ, ಅವರಲ್ಲೂ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಆರೋಪ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು, ಹೆಂಗಸರೇ ಬೀದಿಗಿಳಿದರು. ಬಿಹಾರ, ರಾಜಸ್ಥಾನ, ಛತ್ತೀಸಗಢಗಳಿಂದಲೂ ಇಂಥದೇ ದೂರುಗಳಿದ್ದವು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡವರು. ಥೈರಾಯ್ಡ್ ಮಾತ್ರೆಗೆ, ಹಾರ್ಮೋನ್ ಚಿಕಿತ್ಸೆಗೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನಕ್ಕೆ ಬಗ್ಗಬಹುದಾಗಿದ್ದ ಸ್ರಾವ ಅವರಲ್ಲಿ ಎಷ್ಟು ಜನರದ್ದೋ.

ಗರ್ಭಕೋಶ ಹೋದವರಿಗೆ ತಾರೀಕಿನ ಸುಳಿವೂ ಹೋಗುತ್ತದೆ. ಅಂಡಾಶಯಗಳನ್ನು ಉಳಿಸಿದ್ದರೆ ಹಾರ್ಮೋನು ಇನ್ನೂ ಬರುತ್ತಿರುತ್ತದೆ, ಆದರೆ ಯಾವಾಗ ನಿಂತಿತು ಎಂದು ಹೇಳಲು ಮುಟ್ಟಿಲ್ಲ. ಝಳ, ಬೆವರು, ನಿದ್ದೆಗೆಟ್ಟ ರಾತ್ರಿಗಳಿಂದಲೇ ತಿಳಿಯಬೇಕು. ಜೊತೆಗೇ ಅವನ್ನೂ ತೆಗೆದಿದ್ದರೆ ಮೂವತ್ತೈದರ ಹೆಂಗಸು ಆಪರೇಷನ್ ಆದ ಕೆಲವೇ ದಿನಗಳಲ್ಲಿ ಐವತ್ತರವಳ ದೇಹಕ್ಕೆ ಬಂದಿರುತ್ತಾಳೆ. "ಗರ್ಭಚೀಲ ತೆಗೆದ್ರು" ಎಂಬುದಷ್ಟೇ ಆಕೆಗೆ ಗೊತ್ತು. ಅಂಡಾಶಯ ಉಳಿಸಿದರೋ ಇಲ್ಲವೋ ಎಂಬುದು ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತದೆ. ನಿಮ್ಮ ಅಮ್ಮನದೋ, ಅತ್ತೆಯದೋ, ಮನೆಕೆಲಸಕ್ಕೆ ಬರುವ ಅಕ್ಕನದೋ ಆ ಕಾರ್ಡು ಎಲ್ಲಾದರೂ ಸಿಕ್ಕರೆ, ಆ ಸಾಲನ್ನು ಅವರಿಗೆ ಓದಿ ಹೇಳಿ.